ಕಂಪನಿಗೆ ಮುಯ್ಯಿ ಹೋದ ಹಂಡೆ

ನಿವೃತ್ತಿಯ ನೆನಪು ಬರೆಯುವ ವಯಸ್ಸು ನನ್ನದಲ್ಲ. ಆದರೆ ಕಂಪನಿಗಳಿಗೂ ಹಳ್ಳಿಗಳಿಗೂ ನಡುವೆ ಓಡಾಡುವ ಆ ಕೆಲಸವನ್ನು ಬಿಟ್ಟಿದ್ದೇನೆ, ಮತ್ತೆ ಅದಕ್ಕೆ ಹೋಗುವುದಿಲ್ಲ. ಆ ಮಟ್ಟಿಗೆ ನಿವೃತ್ತಳೇ. ಈಚೆಗೆ ಎಂ.ಎಸ್.ಡಬ್ಲ್ಯು ಮುಗಿಸಿದ ಇಬ್ಬರು ಹುಡುಗಿಯರು ಬಂದು, "ಆ ಕೆಲಸ ಹೇಗಿರುತ್ತೆ ಮೇಡಂ, ಸೇರಬಹುದಾ?" ಎಂದು ಕೇಳಿದರು. ಎದುರಿಗೆ ಕುಳಿತು ಹೇಳುವುದು ನನ್ನಿಂದಾಗದು. ಬರೆದು ಕೊಡುತ್ತೇನೆ ಎಂದೆ. ಇದು ಅವರಿಗಾಗಿ.

ನನ್ನ ಊರು ಉಡಿಗಾಲ, ಓದಿದ್ದು ಮೈಸೂರಿನಲ್ಲಿ. ನನ್ನ ಬಗ್ಗೆ ಇಷ್ಟು ಸಾಕು. ಓದು ಮುಗಿಯುತ್ತಿದ್ದಂತೆ ಚಾಮರಾಜನಗರದ ಒಂದು ಸೇವಾ ಸಂಸ್ಥೆಗೆ ಸೇರಿದೆ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಮ್ಮ ಕಚೇರಿ. ಅಲ್ಲಿ ಕುಳಿತರೆ ಬಟ್ಟೆಗೆಲ್ಲ ಯೂರಿಯಾ ವಾಸನೆ. ಕಾರ್ಯದರ್ಶಿ ಗುರುಮಲ್ಲಪ್ಪನವರು ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಒಳ್ಳೆಯವರು, ಆದರೆ ಕಂಪನಿಯಿಂದ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತನಾಡುವವರು. ನನ್ನ ಕೆಲಸ ಬೆಂಗಳೂರಿನ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಬರೆದು ನೆರವು ಕೇಳುವುದು, ಬಂದ ನೆರವನ್ನು ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಗೆ ತಲುಪಿಸುವುದು, ತಲುಪಿದ್ದಕ್ಕೆ ಫೋಟೊ ತೆಗೆದು ಕಳುಹಿಸುವುದು.

ಮೊದಲು ಎರಡು ಪುಟದ ಅರ್ಜಿಯನ್ನು ಟೈಪು ಮಾಡಿಸಿ ಅಂಚೆಗೆ ಹಾಕುತ್ತಿದ್ದೆವು. ಕಂಪನಿಯವರು ಎಷ್ಟು ಮಕ್ಕಳಿದ್ದಾರೆ, ಊಟಕ್ಕೆ ಏನು ಕೊಡುತ್ತೀರಿ ಎಂದು ಕೇಳುತ್ತಿದ್ದರು. ಆಮೇಲೆ ಇ-ಮೇಲ್ ಬಂತು, ಅರ್ಜಿ ಪುಸ್ತಕದಷ್ಟು ದಪ್ಪವಾಯಿತು. ಊಟದ ಪ್ರಶ್ನೆ ಹೋಗಿ ಫೋಟೊದ ಪ್ರಶ್ನೆ ಬಂತು. ಒಮ್ಮೆ ನಾನು ಕಳುಹಿಸಿದ ಫೋಟೊದಲ್ಲಿ ಒಂದು ಮಗುವಿನ ಮೂಗು ಸೋರುತ್ತಿತ್ತು. "ಇನ್ನಷ್ಟು ಭರವಸೆ ಹುಟ್ಟಿಸುವ ಚಿತ್ರ ಕಳುಹಿಸಿ" ಎಂದು ಉತ್ತರ ಬಂತು. ಆ ಮಗುವಿಗೆ ಶೀತವಾಗಿತ್ತು. ಔಷಧಿ ಬೇಕೆ ಎಂದು ಯಾರೂ ಕೇಳಲಿಲ್ಲ.

ಮೊದಲ ಸಲ ಬೆಂಗಳೂರಿಗೆ ಒಂದು ಕಂಪನಿಯ ಕಚೇರಿಗೆ ಹೋದಾಗ ಗುರುಮಲ್ಲಪ್ಪನವರು ತಮ್ಮ ತೋಟದ ಒಂದು ಗೊನೆ ಏಲಕ್ಕಿ ಬಾಳೆಹಣ್ಣು ಕೊಟ್ಟು ಕಳುಹಿಸಿದ್ದರು. ಬರಿಗೈಯಲ್ಲಿ ಹೇಗೆ ಹೋಗುವುದು ಎಂಬುದು ಅವರ ಸಂಕೋಚ. ಚಾಮರಾಜನಗರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಕಂಪನಿಯ ಬಾಗಿಲಲ್ಲಿ ಕುಳಿತಿದ್ದ ಹುಡುಗಿ ಉಡುಗೊರೆ ತೆಗೆದುಕೊಳ್ಳುವುದು ತಮ್ಮ ನೀತಿಗೆ ವಿರುದ್ಧ ಎಂದು ಗೊನೆಯನ್ನು ಗೇಟಿನ ಕಾವಲುಗಾರನ ಹತ್ತಿರ ಇಡಿಸಿದಳು. ಹಿಂತಿರುಗುವಾಗ ಅದನ್ನು ಅವನಿಗೇ ಬಿಟ್ಟು ಬಂದೆ. ಅವರು ನಮಗೆ ಕೊಡುವುದು ನೀತಿ, ನಾವು ಅವರಿಗೆ ಕೊಡುವುದು ನೀತಿಗೆ ವಿರುದ್ಧ. ಆವತ್ತು ನನಗೆ ಇಷ್ಟೇ ಅನ್ನಿಸಿದ್ದು: ಬಾಳೆಹಣ್ಣು ಇವರನ್ನೇನು ಮಾಡೀತು?

ನಮ್ಮ ಭಾಗದ ಮೇಲೆ ಬೆಂಗಳೂರಿನ ಕಂಪನಿಗಳಿಗೆ ಯಾಕಿಷ್ಟು ಪ್ರೀತಿ ಎಂದು ತಿಳಿಯಲು ಕೆಲವು ತಿಂಗಳು ಬೇಕಾಯಿತು. ಬಂಡೀಪುರ ಪಕ್ಕದಲ್ಲಿದೆ. ಶನಿವಾರ ಮಧ್ಯಾಹ್ನ ನೌಕರರು ಬಸ್ಸಿನಲ್ಲಿ ಬಂದು ಗುಂಡ್ಲುಪೇಟೆ ತಾಲ್ಲೂಕಿನ ಯಾವುದಾದರೂ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ರಾತ್ರಿ ರೆಸಾರ್ಟು, ಬೆಳಿಗ್ಗೆ ಸಫಾರಿ. ಒಂದೇ ಶಾಲೆಯ ಒಂದೇ ಗೋಡೆಗೆ ಮೂರು ಕಂಪನಿಗಳು ಬಳಿದವು. ಮೊದಲನೆಯವರು ಬರೆದ ಆನೆಯ ಮೇಲೆ ಎರಡನೆಯವರು ಹುಲಿ ಬರೆದರು, ಅದರ ಮೇಲೆ ಮೂರನೆಯವರು ಭೂಗೋಳ ಬರೆದರು. ಆ ಶಾಲೆಯ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಮ್ಮೋರೆ, ಬಣ್ಣ ಬಳ್ದೂ ಬಳ್ದೂ ಗೋಡೆ ದಪ್ಪ ಆಯ್ತಾ ಅದ. ಇಂಗೇ ಆದ್ರ ಒಳ್ಗ ಮಕ್ಕಳ್ಗ ಜಾಗ ಇರಲ್ಲ. ಕಕ್ಕಸ್ಗ ಒಂದು ಬಾಗ್ಲು ಕೇಳಿ ನೋಡಿ" ಎಂದರು. ಕೇಳಿದೆ. ಬಾಗಿಲು ಕೂರಿಸುವುದು ಎಲ್ಲ ನೌಕರರೂ ಒಟ್ಟಾಗಿ ಪಾಲ್ಗೊಳ್ಳುವಂಥ ಚಟುವಟಿಕೆಯಲ್ಲ ಎಂಬ ಉತ್ತರ ಬಂತು. ಹೆಣ್ಣುಮಕ್ಕಳು ಗೋಣಿಚೀಲ ಅಡ್ಡ ಹಿಡಿದುಕೊಂಡೇ ಹೋಗುತ್ತಿದ್ದರು. ಗೋಡೆಯ ಮೇಲಿನ ಭೂಗೋಳ ಮಾತ್ರ ಬಹಳ ಚೆನ್ನಾಗಿತ್ತು.

ಇಂಥವು ಇನ್ನೂ ಇವೆ. ಆದರೆ ನಾನು ಕೆಲಸ ಬಿಟ್ಟದ್ದು ಒಂದು ಹಂಡೆಯ ಕಾರಣಕ್ಕೆ. ಅದನ್ನು ಸರಿಯಾಗಿ ಹೇಳುತ್ತೇನೆ.

ಭೀಮನಬೀಡಿನಲ್ಲಿ ನಮ್ಮದೊಂದು ಶಿಶುವಿಹಾರವಿತ್ತು. ಅಲ್ಲಿನ ಹೆಂಗಸರು ಚೆಂಡು ಹೂ ಬಿಡಿಸಲು ಹೋಗುವವರು. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಹೂವು ಅದು, ಬಿಸಿಲೇರುವ ಮುಂಚೆ ಬಿಡಿಸಬೇಕು. ಅಂಗನವಾಡಿ ತೆರೆಯುವ ಹೊತ್ತಿಗೆ ಇವರ ಅರ್ಧ ಕೆಲಸ ಮುಗಿದಿರುತ್ತದೆ. ಶಿಶುವಿಹಾರ ಇಲ್ಲದಿದ್ದಾಗ ಕೂಸುಗಳನ್ನು ಹೊಲಕ್ಕೇ ಒಯ್ದು ಗಿಡದ ಸಾಲಿನ ನಡುವೆ ಸೀರೆ ಹಾಸಿ ಮಲಗಿಸುತ್ತಿದ್ದರು. ಹಿಂದಿನ ದಿನ ಹುಳುವಿನ ಔಷಧಿ ಹೊಡೆದ ಸಾಲು. ಮೈಮೇಲೆಲ್ಲ ಗುಳ್ಳೆ ಎದ್ದ ಮಕ್ಕಳನ್ನು ನಾನೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಹಾಗಾಗಿ ನಸುಕಿನಲ್ಲೇ ತೆರೆಯುವ ಶಿಶುವಿಹಾರ ಅವರಿಗೆ ಬೇಕೇ ಬೇಕಾಗಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವಳು ಚಿಕ್ಕತಾಯಮ್ಮ. ಐವತ್ತರ ಆಸುಪಾಸಿನ ಹೆಂಗಸು. ದೊಡ್ಡ ಬಾಯಿ, ಊರಿನ ಅರ್ಧ ಜನರೊಂದಿಗೆ ಜಗಳ, ಎಲೆ ಅಡಿಕೆ ಬಿಟ್ಟರೆ ಇನ್ನೊಂದು ದುರಭ್ಯಾಸವಿಲ್ಲ. ಮಕ್ಕಳು ಮಾತ್ರ ಅವಳ ಒಂದು ಗದರಿಕೆಗೆ ನಿದ್ದೆ ಹೋಗುತ್ತಿದ್ದವು.

ಈ ಶಿಶುವಿಹಾರಕ್ಕೆ ನೆರವು ಕೊಡಲು ಒಪ್ಪಿದ್ದು ಸ್ನಾನದ ಮನೆಯ ನಲ್ಲಿ, ಷವರುಗಳನ್ನು ತಯಾರಿಸುವ ಕಂಪನಿ. ಅವರ ಕಡೆಯಿಂದ ಬರುತ್ತಿದ್ದವನು ವಿವೇಕ್, ಬೆಂಗಳೂರಿನಲ್ಲೇ ಬೆಳೆದ ನನ್ನ ವಯಸ್ಸಿನ ಹುಡುಗ, ಬಹಳ ವಿನಯ. ಚಿಕ್ಕತಾಯಮ್ಮನ ಸಂಬಳ, ತೊಟ್ಟಿಲು, ಒಲೆ, ಸ್ಟೀಲಿನ ತಟ್ಟೆ ಲೋಟ ಎಲ್ಲ ಅವರದೇ. ಒಂದೇ ಷರತ್ತು: ಪ್ರತಿಯೊಂದರ ಮೇಲೂ ಕಂಪನಿಯ ಹೆಸರಿರಬೇಕು. ತಟ್ಟೆಯ ಅಂಚಿಗೆ, ಲೋಟದ ಹೊಟ್ಟೆಗೆ, ತೊಟ್ಟಿಲಿನ ಕಟ್ಟಿಗೆಗೆ ಹೆಸರು ಕೊರೆಸಿಕೊಂಡೇ ಸಾಮಾನು ಬಂತು.

ಚಿಕ್ಕತಾಯಮ್ಮ ಒಂದು ತಟ್ಟೆಯನ್ನು ಎತ್ತಿ, ಆ ಹೆಸರಿನ ಮೇಲೆ ಬೆರಳಾಡಿಸಿ, "ಇದೇನಮ್ಮಿ ಬರ್ದಿರದು?" ಎಂದಳು. ಕಂಪನಿಯ ಹೆಸರು ಎಂದೆ.

"ಅಂದ್ರ ಮುಯ್ಯಿ."

"ಮುಯ್ಯಿ ಅಲ್ಲ ಅಕ್ಕ, ಸುಮ್ಮನೆ ಕೊಟ್ಟಿದ್ದಾರೆ."

"ಸುಮ್ಕ ಕೊಡೋರು ಎಸ್ರು ಆಕ್ಸರಾ? ನನ್ ಮದ್ವೇಲಿ ನನ್ ಸೋದರಮಾವ ಕೊಟ್ಟ ತಪ್ಪಲೆ ಮ್ಯಾಲ ಅವನೆಸ್ರು ಇನ್ನೂ ಅದ. ಅವನ ಮಗಳ ಮದ್ವೇಲಿ ನಾವು ಕೊಳಗ ಕೊಟ್ಟೊ. ಎಸ್ರು ಆಕ್ಸಿದ್ದಾರೆ ಅಂದ್ರ ನಾಳಕ ಅವ್ರ ಮನೇಲಿ ಕಾರ್ಯ ಆದಾಗ ನಾವು ಓಗ್ಬೇಕು ಕಣಮ್ಮಿ."

"ಅದು ಕಂಪನಿ ಅಕ್ಕ. ಅದಕ್ಕೆ ಮನೆ ಎಲ್ಲಿ, ಕಾರ್ಯ ಎಲ್ಲಿ?"

"ಎಸ್ರು ಇದ್ ಮ್ಯಾಲ ಮನೇನೂ ಇರ್ತದ ಬುಡು."

ನಾನು ನಕ್ಕುಬಿಟ್ಟೆ. ನಮ್ಮ ಕಡೆ ಹೆಸರು ಹಾಕಿಸಿದ ಪಾತ್ರೆ ಬಂತೆಂದರೆ ಅದನ್ನು ಯಾರೂ ದಾನವೆಂದು ತೆಗೆದುಕೊಳ್ಳುವುದಿಲ್ಲ. ಆ ಹೆಸರು ಇರುವುದೇ ಹಿಂತಿರುಗಿಸಬೇಕಾದವರು ಮರೆಯದಿರಲಿ ಎಂದು. ಅದು ನನಗೂ ಗೊತ್ತಿದ್ದದ್ದೇ. ಕಂಪನಿಯ ವಿಷಯದಲ್ಲಿ ಅದು ನಡೆಯುತ್ತದೆ ಎಂದು ಮಾತ್ರ ತೋಚಿರಲಿಲ್ಲ.

ಮುಂದಿನ ವರ್ಷ ಮೈಸೂರಿನ ಹತ್ತಿರ ಆ ಕಂಪನಿಯ ಹೊಸ ಕಾರ್ಖಾನೆಯ ಪ್ರಾರಂಭೋತ್ಸವದ ಆಹ್ವಾನ ಪತ್ರಿಕೆ ನಮ್ಮ ಕಚೇರಿಗೆ ಬಂತು. ಮೇಲೆ ಗಣಪತಿಯ ಚಿತ್ರ, ಸುತ್ತ ಅರಿಶಿನದ ಅಂಚು. ನಾನು ಅದನ್ನು ಚೀಲದಲ್ಲಿಟ್ಟುಕೊಂಡೇ ಭೀಮನಬೀಡಿಗೆ ಹೋಗಿದ್ದೆ. ಚಿಕ್ಕತಾಯಮ್ಮ ಕಂಡಳು.

"ನೋಡ್ದಾ? ಮನೆ ಇಲ್ಲ ಅಂದೆ. ಗೃಹಪ್ರವೇಶವೇ ಬಂತು."

ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ತಾಯಂದಿರೆಲ್ಲ ಸೇರಿ ಏನು ಕೊಡುವುದೆಂದು ಕೂತು ಮಾತನಾಡಿದರು. ಸ್ನಾನದ ನಲ್ಲಿ ಮಾಡುವವರಿಗೆ ಸ್ನಾನದ ಹಂಡೆಯೇ ಸರಿ ಎಂದು ತೀರ್ಮಾನವಾಯಿತು. ತಾಮ್ರದ್ದೇ ಆಗಬೇಕು, ಸ್ಟೀಲು ಅವರೇ ಕೊಟ್ಟಿದ್ದಾರೆ, ಅದನ್ನೇ ಹಿಂದಕ್ಕೆ ಕೊಟ್ಟರೆ ಮರ್ಯಾದೆಯಲ್ಲ. ಹಳೆಯ ಕೊಪ್ಪರಿಗೆ, ಚೊಂಬು, ತಟ್ಟೆ ಏನಿತ್ತೋ ಅದನ್ನು ಹಾಕಿ ಚಾಮರಾಜನಗರದ ಪಾತ್ರೆ ಅಂಗಡಿಯಲ್ಲಿ ಬದಲಾಯಿಸಿಕೊಂಡರು. ಹೆಸರು ಕೊರೆಯುವಾಗ ಅಲ್ಲೇ ಜಗಳ ಹತ್ತಿತು. ಚಿಕ್ಕತಾಯಮ್ಮನಿಗೆ ತನ್ನ ಹೆಸರು ಮೊದಲು ಬರಬೇಕು. ನಂಜಮಣಿ ಎಂಬ ತಾಯಿ, ಹೂ ಬಿಡಿಸುವುದರಲ್ಲಿ ಎಲ್ಲರಿಗಿಂತ ಚುರುಕು, "ನಿನ್ ಚೊಂಬು ಒಂದೇ ಬಿದ್ದಿರದು, ನಮ್ ಕೊಪ್ಪರಿಗೆ ಬಿದ್ದದ" ಎಂದು ಎದುರು ನಿಂತಳು. ಎಲ್ಲರ ಹೆಸರೂ ಹಾಕಿ ಎಂದು ಮೂರನೆಯವಳು. ಕೊರೆಯುವವನು ಕೈಯ ಯಂತ್ರವನ್ನು ನಿಲ್ಲಿಸಿ, "ಅವ್ವ, ಅಂಡೆ ಕತ್ತು ಇರದೇ ಇಷ್ಟಗಲ. ನಿಮ್ಮೂರ್ ಓಟರ್ ಲಿಸ್ಟು ಇಡ್ಸಲ್ಲ" ಎಂದ. ಕೊನೆಗೆ ‘ಭೀಮನಬೀಡು ಶಿಶುವಿಹಾರದ ತಾಯಂದಿರು’ ಎಂದಾಯಿತು.

ಟೆಂಪೊ ಮಾಡಿಕೊಂಡು ಹೋದೆವು. ಹಂಡೆಯೊಳಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ; ಹೊರಗೆ ಅರಿಶಿನ ಕುಂಕುಮ, ಕತ್ತಿಗೆ ಚೆಂಡು ಹೂವಿನ ಹಾರ. ಗೇಟಿನಲ್ಲಿ ಕಾವಲುಗಾರ ತಡೆದ. ನನ್ನ ಕೈಯ ಆಹ್ವಾನ ಪತ್ರಿಕೆಯಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ, ಅದೂ ಗುರುಮಲ್ಲಪ್ಪನವರ ಹೆಸರಿಗೆ. ಅವರು ಪತ್ರಿಕೆಯಿಲ್ಲದೆಯೇ ಕಂಪನಿಯವರ ಜೊತೆ ಆಗಲೇ ಒಳಗೆ ಹೋಗಿದ್ದರು.

"ಯಾಕ್ ಬಂದಿದ್ದೀರಿ? ಧರಣಿನಾ?"

"ಮುಯ್ಯಿ ತಂದಿದ್ದೀವಿ ಕಣಪ್ಪ" ಎಂದಳು ಚಿಕ್ಕತಾಯಮ್ಮ.

ಅವನು ಹಂಡೆಯೊಳಗೆ ಲಾಠಿ ಹಾಕಿ ಅಕ್ಕಿಯನ್ನು ಕೆದಕಿ ನೋಡಿದ. ಹೆಂಗಸರು ಮುಖ ತಿರುಗಿಸಿಕೊಂಡರು. ಬಿಸಿಲಿನಲ್ಲಿ ರಸ್ತೆಯ ಬದಿಗೆ ಕಾದು ನಿಂತೆವು. ಬಹಳ ಹೊತ್ತಿನ ಮೇಲೆ ನನ್ನ ಫೋನಿಗೆ ಉತ್ತರವಾಗಿ ವಿವೇಕ್ ಬಂದ. ಹಂಡೆ, ಹಾರ, ಸಾಲಾಗಿ ನಿಂತ ಹೆಂಗಸರನ್ನು ನೋಡುತ್ತಲೇ ಅವನ ಮುಖ ಅರಳಿತು. "ಮೇಡಂ, ಇದು ಸೂಪರ್. ಎಂ.ಡಿ. ಜೊತೆ ಒಂದು ಫೋಟೊ ತೆಗಿಸೋಣ" ಎಂದ. ಬಾಳೆಹಣ್ಣಿಗೆ ಅಡ್ಡ ಬಂದಿದ್ದ ನೀತಿ ಇಲ್ಲಿ ಅಡ್ಡ ಬರಲಿಲ್ಲ.

ವೇದಿಕೆಗೆ ಕರೆದರು. ನಿರೂಪಕಿ ಇಂಗ್ಲಿಷಿನಲ್ಲಿ ಹೇಳಿದ್ದು ಹೆಂಗಸರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು: ಫಲಾನುಭವಿಗಳು ತಮ್ಮ ಕೃತಜ್ಞತೆಯ ಕಾಣಿಕೆಯನ್ನು ಅರ್ಪಿಸುತ್ತಿದ್ದಾರೆ. ಚಪ್ಪಾಳೆ. ಎಂ.ಡಿ. ಸಾಹೇಬರು ಹಂಡೆಯ ಒಂದು ಕಿವಿ ಹಿಡಿದು ನಕ್ಕರು, ಕ್ಯಾಮೆರಾ ನಿಂತ ತಕ್ಷಣ ಬಿಟ್ಟರು. ಭಾರವೆಲ್ಲ ನಂಜಮಣಿಯ ಕೈಮೇಲೆ ಬಿತ್ತು. ಆಮೇಲೆ ಇವರನ್ನು ಸೈಕಲ್ ನಿಲ್ಲಿಸುವ ಜಾಗಕ್ಕೆ ಕಳುಹಿಸಿ ಪೊಟ್ಟಣದ ಊಟ ಕೊಟ್ಟರು. ಗುರುಮಲ್ಲಪ್ಪನವರು ಒಳಗೆ ಮೇಜಿನ ಮುಂದೆ ಕುಳಿತು ಉಂಡರು. ನಾನು ಎರಡೂ ಕಡೆ ಉಣ್ಣಲಿಲ್ಲ.

ಹಿಂತಿರುಗುವಾಗ ಟೆಂಪೊ ನಂಜನಗೂಡು ದಾಟಿದ ಮೇಲೆ ಚಿಕ್ಕತಾಯಮ್ಮ ಶುರು ಮಾಡಿದಳು.

"ಮುಯ್ಯಿ ತಂದೋರ್ನ ಎಲೆ ಆಕಿ ಕುಂಡ್ರುಸ್ನಿಲ್ಲ. ಒಂದು ಎಲೆ ಅಡಿಕೆ ಕೊಡ್ನಿಲ್ಲ."

"ಬುಡಕ್ಕ, ಸಣ್ಣೈಕ್ಳು ಅವು, ಗೊತ್ತಿಲ್ಲ" ಎಂದಳು ನಂಜಮಣಿ.

"ಗೊತ್ತಿಲ್ದೆ ಇದ್ರ ಕೇಳ್ಬೇಕಪ್ಪ, ಬಾಯಿಲ್ವಾ? ಓಗ್ಲಿ. ನಮ್ದು ಮುಟ್ಟುಸ್ಬುಟ್ಟೊ. ಇನ್ನ ಸಮ ಸಮ."

ಕಂಪನಿಯ ವಾರ್ಷಿಕ ವರದಿಯಲ್ಲಿ ಆ ಫೋಟೊ ಪೂರ್ತಿ ಒಂದು ಪುಟ ಬಂತು. ಕೆಳಗೆ ಮತ್ತೆ ಕೃತಜ್ಞತೆಯ ಮಾತೇ. ಇದು ತಪ್ಪು, ಹೆಂಗಸರು ಕೃತಜ್ಞತೆ ಹೇಳಲು ಹೋಗಿರಲಿಲ್ಲ, ಸರಿಸಮವಾಗಲು ಹೋಗಿದ್ದರು, ತಿದ್ದಿಸೋಣ ಎಂದೆ. ಗುರುಮಲ್ಲಪ್ಪನವರು ಕನ್ನಡಕ ತೆಗೆದು ಒರೆಸುತ್ತ, "ಅವರ ಸಂತೋಷಕ್ಕೆ ಏನೋ ಬರ್ಕೊಂಡಿದ್ದಾರೆ. ನಮಗೇನಮ್ಮ ನಷ್ಟ?" ಎಂದರು.

ಕೆಲವು ತಿಂಗಳ ನಂತರ ವರದಿ ಕೊಡಲು ಬೆಂಗಳೂರಿನ ಅವರ ಕಚೇರಿಗೆ ಹೋಗಿದ್ದೆ. ಕೆಳಗೆ ಅವರದೇ ದೊಡ್ಡ ಮಳಿಗೆ, ಗಾಜಿನ ಹಿಂದೆ ಬಗೆಬಗೆಯ ಸ್ನಾನದ ಮನೆಗಳು. ಒಂದು ಮೂಲೆಯಲ್ಲಿ ಬೆಳಕು ಬಿಟ್ಟು ನಮ್ಮ ಹಂಡೆಯನ್ನು ನಿಲ್ಲಿಸಿದ್ದರು. ಬುಡದ ಹತ್ತಿರ ದುಂಡಗೆ ತೂತು ಕೊರೆದು ಹೊಳೆಯುವ ಹೊಸ ಮಾದರಿಯ ನಲ್ಲಿಯೊಂದನ್ನು ಕೂರಿಸಿದ್ದರು. ಹೆಸರಿದ್ದ ಕಡೆಯನ್ನು ಗೋಡೆಗೆ ತಿರುಗಿಸಿದ್ದರು. ನಾನು ಕೈ ಚಾಚಿ ಕತ್ತಿನ ಹಿಂಭಾಗ ಮುಟ್ಟಿ ನೋಡಿದೆ. ಅಕ್ಷರಗಳು ಬೆರಳಿಗೆ ಸಿಕ್ಕವು. "ದಯವಿಟ್ಟು ಮುಟ್ಟಬೇಡಿ ಮೇಡಂ" ಎಂದ ಮಳಿಗೆಯ ಹುಡುಗ.

ಊರಿಗೆ ಬಂದು ಇದನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಮಾರುಕಟ್ಟೆ ಬಿದ್ದಿದೆ ಎಂಬ ಮಾತು ಎಲ್ಲ ಕಂಪನಿಗಳಿಂದಲೂ ಬರತೊಡಗಿತು. ನಲ್ಲಿ ಕಂಪನಿಯವರು ತಮ್ಮ ಗಮನವನ್ನು ಮಕ್ಕಳಿಂದ ಪರಿಸರಕ್ಕೆ ಬದಲಾಯಿಸಿಕೊಂಡಿರುವುದಾಗಿ ತಿಳಿಸಿದರು. ಚಿಕ್ಕತಾಯಮ್ಮನ ಸಂಬಳ ನಿಂತಿತು. ಅದನ್ನಾದರೂ ಅರ್ಥ ಮಾಡಿಕೊಳ್ಳಬಹುದು. ಕೊಡುವವರು ನಿಲ್ಲಿಸಬಹುದು. ಆದರೆ ಅದರ ಹಿಂದೆಯೇ ಇನ್ನೊಂದು ಸಂದೇಶ ಬಂತು. ಹೊಸ ಕಾರ್ಖಾನೆಯ ಒಳಗೆ ನೌಕರರ ಮಕ್ಕಳಿಗಾಗಿ ಒಂದು ಕೊಠಡಿ ತೆರೆಯುತ್ತಾರೆ, ನೋಡಲು ವಿದೇಶದಿಂದ ಯಾರೋ ಬರುತ್ತಾರೆ, ಆದ್ದರಿಂದ ಭೀಮನಬೀಡಿನ ತೊಟ್ಟಿಲು, ಒಲೆ, ತಟ್ಟೆಗಳನ್ನು ಅಲ್ಲಿಗೆ ಸಾಗಿಸಲಾಗುವುದು.

ಗುರುಮಲ್ಲಪ್ಪನವರು ಒಪ್ಪಿಬಿಟ್ಟಿದ್ದರು. "ಪರಿಸರದ್ದು ನಮಗೇ ಸಿಗಬಹುದಮ್ಮ, ವಿರಸ ಬೇಡ. ನೀನು ಜೊತೇಲಿ ಹೋಗಿ ಹೆಂಗಸರಿಗೆ ನಿಧಾನಕ್ಕೆ ತಿಳಿಸಿ ಹೇಳು" ಎಂದರು. ತೊಟ್ಟಿಲು ಹೋದರೆ ಮಕ್ಕಳು ಎಲ್ಲಿ ಮಲಗಬೇಕು ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು: ಔಷಧಿ ಹೊಡೆದ ಸಾಲಿನಲ್ಲಿ.

ಗುಂಡ್ಲುಪೇಟೆಯಲ್ಲಿ ಒಂದು ಟೆಂಪೊ, ಇಬ್ಬರು ಹಮಾಲಿಗಳನ್ನು ಹಿಡಿದುಕೊಂಡು ವಿವೇಕ್ ಬಂದ. ಬೆಳಿಗ್ಗೆ ಎಂಟರ ಹೊತ್ತು. ಮಕ್ಕಳು ಇನ್ನೂ ಮಲಗಿದ್ದವು. ಹಮಾಲಿಗಳು ಮೊದಲು ತಟ್ಟೆಗಳನ್ನು ಹೊತ್ತು ಹಾಕಿದರು, ಆಮೇಲೆ ಖಾಲಿ ಇದ್ದ ಎರಡು ತೊಟ್ಟಿಲು. ಚಿಕ್ಕತಾಯಮ್ಮ ಬಾಗಿಲಿಗೆ ಬಂದು ಹೊಲದ ಕಡೆ ಒಂದು ಕೂಗು ಹಾಕಿದಳು. ಆ ಕೂಗಿಗೆ ಹೆಂಗಸರು ಹೂವಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಬಂದರು.

"ಆಂಟಿ, ಇದೆಲ್ಲ ಕಂಪನಿದು" ಎಂದ ವಿವೇಕ್, ಮೆಲ್ಲಗೇ. ಒಂದು ತಟ್ಟೆ ಎತ್ತಿ ಅಂಚು ತೋರಿಸಿದ. "ನೋಡಿ, ಹೆಸರೇ ಇದೆ."

"ಎಸ್ರು ಅದ ಅಂತಾನೇ ನಾನೂ ಯೋಳದು. ನಿಮ್ಮವ್ವನ ಮದ್ವೇಲಿ ಕೊಟ್ಟ ಪಾತ್ರೆ ಮ್ಯಾಲ ಕೊಟ್ಟೋರ್ ಎಸ್ರು ಇಲ್ವಾ? ಅವ್ರು ಬಂದು ಎತ್ಕೊಂಡೋದ್ರಾ ಯಾವತ್ತಾರ?"

ವಿವೇಕ್ ನಗಲು ನೋಡಿದ. ಯಾರೂ ನಗಲಿಲ್ಲ.

"ಆಯ್ತು, ತಕ್ಕೊಂಡೋಗಿ" ಎಂದಳು ಚಿಕ್ಕತಾಯಮ್ಮ. "ನಮ್ಮಂಡೆ ತಂದಿದ್ದೀರಾ?"

"ಹಂಡೆ? ಅದು ನೀವು ಕೊಟ್ಟ ಗಿಫ್ಟ್ ಅಲ್ವಾ ಆಂಟಿ."

"ಮತ್ತ ಇದು?"

ಅವನು ನನ್ನ ಕಡೆ ತಿರುಗಿದ. "ಮೇಡಂ, ಸ್ವಲ್ಪ ನೀವು ಅವರಿಗೆ ಅರ್ಥ ಆಗೋ ಹಾಗೆ ಹೇಳಿ."

ನನ್ನನ್ನು ಕಳುಹಿಸಿದ್ದೇ ಅದಕ್ಕೆ. ಹಾಗಾಗಿ ಅರ್ಥವಾಗುವ ಹಾಗೆ ಹೇಳಿದೆ: "ಅಕ್ಕ, ಹಂಡೆ ಬೆಂಗಳೂರಿನಲ್ಲಿ ಇವರ ಅಂಗಡಿಯಲ್ಲಿದೆ. ನಾನೇ ನೋಡಿದ್ದೇನೆ. ಬುಡಕ್ಕೆ ತೂತು ಕೊರೆದು ನಲ್ಲಿ ಹಾಕಿದ್ದಾರೆ. ಇನ್ನು ಅದನ್ನು ಒಲೆಗೆ ಏರಿಸಲು ಆಗಲ್ಲ."

ಒಳಗೆ ಒಂದು ಮಗು ಎದ್ದು ಅಳತೊಡಗಿತು.

"ಮುಯ್ಯಿ ಅಂಡೆಗ ತೂತು ಒಡ್ದವ್ರಾ?" ಚಿಕ್ಕತಾಯಮ್ಮನ ದನಿ ನಾನು ಎಂದೂ ಕೇಳದಷ್ಟು ಸಣ್ಣದಾಗಿತ್ತು.

ಹಮಾಲಿಗಳಲ್ಲಿ ಹಿರಿಯವನು ಕೈಯಲ್ಲಿದ್ದ ತೊಟ್ಟಿಲನ್ನು ನೆಲಕ್ಕಿಟ್ಟ. "ಅದು ತಪ್ಪು ಸಾ" ಎಂದ ವಿವೇಕನಿಗೆ. ಅವನೂ ಇದೇ ಕಡೆಯವನು, ಅವನ ಮನೆಯಲ್ಲೂ ಹೆಸರು ಹಾಕಿದ ಪಾತ್ರೆಗಳಿದ್ದವು. ನಂಜಮಣಿ ಟೆಂಪೊ ಹತ್ತಿ ತಟ್ಟೆಗಳನ್ನು ಕೆಳಗೆ ಕೊಡತೊಡಗಿದಳು. ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ ಎಲ್ಲ ಒಳಗೆ ಹೋಯಿತು. ವಿವೇಕ್ ಯಾರಿಗೋ ಫೋನ್ ಮಾಡಿದ, ಆ ಕಡೆಯವರಿಗೆ ಹಂಡೆಯ ವಿಷಯ ವಿವರಿಸಲು ಹೋಗಿ ಸೋತ. ಕೊನೆಗೆ ಚಿಕ್ಕತಾಯಮ್ಮನೇ ಅವನಿಗೆ ದಾರಿ ಮಾಡಿಕೊಟ್ಟಳು: "ನಮ್ಮಂಡೆ ಎಂಗ್ ಕೊಟ್ಟಿದ್ವೋ ಅಂಗೇ ತಂದ್ಕೊಡು ಮಗ. ಆವತ್ತೇ ನಿನ್ ತಟ್ಟೆ ತಕ್ಕೊಂಡೋಗು. ಎಲೆ ಅಡಿಕೆ ಕೊಟ್ಟೇ ಕಳುಸ್ತೀವಿ."

ಟೆಂಪೊ ಖಾಲಿ ಹೋಯಿತು. ಕಚೇರಿಯಲ್ಲಿ ಗುರುಮಲ್ಲಪ್ಪನವರು ನನ್ನನ್ನು ಕರೆದು, "ನೀನು ಯಾರ ಕಡೆಯಿಂದ ಕೆಲಸ ಮಾಡ್ತಿದ್ದೀಯಮ್ಮ?" ಎಂದು ಕೇಳಿದರು. ಅದು ನಿಜವಾದ ಪ್ರಶ್ನೆ. ನೀವು ಈ ಕೆಲಸಕ್ಕೆ ಸೇರುವುದಾದರೆ ಮೊದಲ ದಿನವೇ ಕೇಳಿಕೊಳ್ಳಿ. ನಡುವೆ ಓಡಾಡುವವರು ಯಾರ ಕಡೆಯೂ ಅಲ್ಲ ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ತೊಟ್ಟಿಲನ್ನು ಟೆಂಪೊಗೆ ಏರಿಸುವಾಗ ಆ ಪಾಠ ಯಾವ ಕೆಲಸಕ್ಕೂ ಬರುವುದಿಲ್ಲ.

ಶಿಶುವಿಹಾರ ಮುಚ್ಚಲಿಲ್ಲ. ತಾಯಂದಿರು ಸುಗ್ಗಿಯಲ್ಲಿ ಚಿಕ್ಕತಾಯಮ್ಮನಿಗೆ ರಾಗಿ ಅಳೆದು ಕೊಡುವುದೆಂದು ಮಾತಾಯಿತು. ರಾಗಿ ಕಡಿಮೆ ಬಂತೆಂದು ಅವಳು ಪ್ರತಿ ಮನೆಯೊಂದಿಗೂ ಜಗಳವಾಡಿದಳು, ಬೆಳಿಗ್ಗೆ ಬಾಗಿಲು ಮಾತ್ರ ತೆರೆದಳು. ಮಕ್ಕಳು ಅದೇ ತಟ್ಟೆಗಳಲ್ಲಿ, ಅದೇ ಹೆಸರಿನ ಮೇಲೆ ಅನ್ನ ಸಾರು ಚೆಲ್ಲಿಕೊಂಡು ಉಂಡವು.

ಕೆಲವು ವಾರಗಳಾದ ಮೇಲೆ ವಿವೇಕನಿಂದ ಒಂದು ಇ-ಮೇಲ್ ಬಂತು. ನಡೆದದ್ದರ ಒಂದು ಮಾತೂ ಅದರಲ್ಲಿರಲಿಲ್ಲ. ಮಳಿಗೆಯಲ್ಲಿನ ಹಂಡೆಯನ್ನು ಗಿರಾಕಿಗಳು ತುಂಬಾ ಮೆಚ್ಚಿದ್ದಾರಂತೆ. ಇನ್ನೊಂದು ಊರಿನಲ್ಲಿ ಹೊಸ ಮಳಿಗೆ ತೆರೆಯುತ್ತಾರಂತೆ. ಅದೇ ಮಹಿಳೆಯರು ಅದೇ ಬಗೆಯ ಇನ್ನೊಂದು ಹಂಡೆಯನ್ನು ಹಾರ ಹಾಕಿ ತಂದು ಕೊಡಲು ಸಾಧ್ಯವೇ, ಖರ್ಚನ್ನು ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಕೇಳಿದ್ದ.

ಅದನ್ನು ಪ್ರಿಂಟ್ ತೆಗೆದು ಹಿಡಿದುಕೊಂಡು ಭೀಮನಬೀಡಿಗೆ ಹೋದೆ. ಓದಿ ಕನ್ನಡದಲ್ಲಿ ಹೇಳಿದೆ. ಚಿಕ್ಕತಾಯಮ್ಮ ಬಾಯಿಯ ಎಲೆ ಅಡಿಕೆಯನ್ನು ಉಗಿದು ಬಂದು ಕೂತಳು.

"ಕೇಳಮ್ಮಿ ಅವನ್ನ. ತೂತು ನಾವೇ ಒಡ್ಸಿ ತರದಾ, ಇಲ್ಲಾ ಅವ್ರೇ ಒಡ್ಕೊಂಡಾರಾ?"

ಆ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದು ಕಳುಹಿಸಿದೆ. ಆ ಕೆಲಸದಲ್ಲಿ ನಾನು ಕಂಪನಿಗೆ ಬರೆದ ಕೊನೆಯ ಪತ್ರ ಅದು. ಉತ್ತರ ಬರಲಿಲ್ಲ.